ಗುಳ್ಳೆಯ ಬೆಲೆ

ಒಂದು ಮಣಿಗೆ ಹದಿನೈದು.
ಹೇಳಿ ಬಾಯಿ ಮುಚ್ಚೋದರೊಳಗೆ
"ಎದುರಿನವನು ಐದಕ್ಕೆ ಕೊಡ್ತಾನಲ್ಲ ಕದಿರಮ್ಮ" ಅಂತಾರೆ.
ಕೊಡ್ತಾನೆ. ಯಾಕೆ ಕೊಡಲ್ಲ?
ಸೊಣ್ಣಪ್ಪನ ಮಣಿ ಚೀಲದಲ್ಲಿ ಬಂದು ಇಳಿಯುತ್ತೆ,
ಕಿಲೋ ಲೆಕ್ಕ.
ನನ್ನದು ಹೆರಿಗೆ ಲೆಕ್ಕ.

ಗಾಜಿನ ಕಡ್ಡಿ, ಗ್ಯಾಸು, ತಂತಿಗೆ ಬಳಿಯೋ ಜೇಡಿ,
ಬೂದಿಯೊಳಗೆ ಆರುವಾಗ ಟಪ್ಪಂತ ಸೀಳೋವು
ನೂರಕ್ಕೆ ಹನ್ನೊಂದು,
ಸತ್ತವುಗಳ ಖರ್ಚೂ ಬದುಕಿದವುಗಳ ತಲೆ ಮೇಲೆ.
ಎಲ್ಲ ಕೂಡಿದರೆ ಒಂಬತ್ತು ರೂಪಾಯಿ ನಲವತ್ತು ಪೈಸೆ.
ಮಿಕ್ಕಿದ್ದು ಕಣ್ಣಿಗೆ.
ಬೆಂಕಿ ನೋಡಬೇಡಿ ಅಂದಿದ್ದಾರೆ ಡಾಕ್ಟರು.
ಬೆಂಕಿ ತುದಿಯಲ್ಲಿ ಗಾಜು ಜೇನಾಗಿ ಬಾಗೋ ಗಳಿಗೆ
ನೋಡದೆ ಹೇಗೆ ಹಿಡಿಯೋದು?
ಒಂದುಸಿರು ತಡವಾದರೆ ಮೂಗಿನ ಸಿಂಬಳ ಅದು,
ಮಣಿಯಲ್ಲ.

ಚೇಳೂರು ಸರ್ಕಲ್ಲಿನ ಹಿಂದೆ ಎಂಟಡಿ ರಸ್ತೆ.
ಈಚೆ ನಾನು, ಆಚೆ ಅವನು.
ಅವನು ಟ್ಯೂಬ್‌ಲೈಟು ಹಾಕಿಸಿದ, ನಾನು ಎರಡು ಬಲ್ಬು.
ಅವನು "ಹತ್ತು ಕೊಂಡರೆ ಒಂದು ಉಚಿತ" ಬರೆಸಿದ,
ನಾನು ತಂಗಿ ಮಗಳ ಕೈಲಿ
"ಕೈಯಲ್ಲಿ ಮಾಡಿದ ಮಣಿ" ಬರೆಸಿದೆ.
ಮರುದಿನ ಅವನ ಬೋರ್ಡಿನಲ್ಲೂ ಒಂದು ಕೈ,
ಬಳೆ ತೊಟ್ಟಿದ್ದು, ಬೆಳ್ಳಗೆ,
ಒಂದೂ ಸುಟ್ಟ ಕಲೆ ಇಲ್ಲ.

ಬಂದವರಿಗೆ ಹೇಳ್ತೀನಿ, ಕೆನ್ನೆಗೊತ್ತಿ ನೋಡಿ,
ಗಾಜು ತಣ್ಣಗೆ ಮಾತಾಡುತ್ತೆ, ಪ್ಲಾಸ್ಟಿಕ್ಕು ಮೂಕ.
ಮುರುಗಮಲ್ಲಕ್ಕೆ ಹೋಗೋ ತಸ್ಬಿಯವರು,
ಕೂಸಿಗೆ ದೃಷ್ಟಿಮಣಿ ಕಟ್ಟೋ ಬಾಣಂತಿಯರು
ಒತ್ತಿ ನೋಡ್ತಾರೆ, ಹೌದಮ್ಮ ಅಂತಾರೆ,
ರಸ್ತೆ ದಾಟಿ ಅಲ್ಲಿ ಕೊಳ್ತಾರೆ.
ಕೆನ್ನೆಗೆ ತಿಳಿದಿದ್ದು ಪರ್ಸಿಗೆ ತಿಳಿಯಲ್ಲ.

ಹೋದ ಕಾರ್ತಿಕದಲ್ಲಿ ಒಂದು ರಾತ್ರಿ,
ಟೊಮೇಟೊ ಲಾರಿಗಳೆಲ್ಲ ಹೋದ ಮೇಲೆ,
ಸೊಣ್ಣಪ್ಪ ಹಿಂಬಾಗಿಲಿಗೆ ಬಂದ.
ಚಪ್ಪಲಿ ಕೈಯಲ್ಲಿ.
"ಅಕ್ಕ, ಮುನ್ನೂರು ಬೇಕು. ನೀಲಿ. ನಿಮ್ಮವೇ."
ಹದಿನೆಂಟು ವರ್ಷಕ್ಕೆ ಮೊದಲ ಸಲ ಅಕ್ಕ.
ಚೌಕಾಸಿ ಮಾಡಲಿಲ್ಲ.
ಅಲ್ಲೇ ಅನುಮಾನ ಬರಬೇಕಿತ್ತು ನನಗೆ.
ಸಗಟು ಅಂತ ಹನ್ನೆರಡರ ಹಾಗೆ ಕೊಟ್ಟೆ.
ಗುಳ್ಳೆ ಬಿದ್ದು ತಟ್ಟೆ ತಳದಲ್ಲಿ
ಬಚ್ಚಿಟ್ಟಿದ್ದವನ್ನೆಲ್ಲ
ಅವನ ಪೊಟ್ಟಣಕ್ಕೆ ಸುರಿದೆ.
ಉಣ್ಣಲಿ ಬಡ್ಡೀಮಗ ಅಂತ ನಗು ಬಂತು.

ಮುಂದಿನ ವಾರ ನೋಡ್ತೀನಿ,
ಐದರ ರಾಶಿಯಿಂದ ದೂರ, ಗಾಜಿನ ಪೆಟ್ಟಿಗೆಯಲ್ಲಿ,
ಕೆಂಪು ಮಖಮಲ್ಲಿನ ಮೇಲೆ
ನನ್ನವೇ ಮಲಗಿವೆ.
ಒಂದಕ್ಕೆ ಅರವತ್ತು.
ತಂಗಿ ಮಗಳನ್ನು ಗಿರಾಕಿ ಮಾಡಿ ಕಳಿಸಿದೆ.
ಬೆಳಕಿಗೆ ಹಿಡಿದು ತೋರಿಸಿದನಂತೆ:
"ಒಳಗೆ ಗುಳ್ಳೆ ಐತಲ್ಲ, ಅದು ಮಿಷನ್ನಿಗೆ ಬರಲ್ಲಮ್ಮ.
ಅದು ಮಾಡಿದವರ ರುಜು."

ರುಜು!
ಹೆಬ್ಬೆಟ್ಟಿನವಳು ನಾನು.
ಗುಳ್ಳೆ ಬಿತ್ತು ಅಂತ ಅಪ್ಪನ ಕೈಲಿ
ಇಕ್ಕಳದ ಏಟು ತಿಂದವಳು.
ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು.
ಲೆಕ್ಕ ಬಂತು:
ಹನ್ನೆರಡು ನನ್ನ ಕೈಗೆ, ನಲವತ್ತೆಂಟು ಅವನ ನಾಲಿಗೆಗೆ.
ನಾಲಿಗೆಯೂ ಒಂದು ಕುಲುಮೆ ಅಂತ ಒಪ್ಪಿಕೊಂಡೆ.
ಒಪ್ಪಿಕೊಳ್ಳುತ್ತಲೇ ಹಲ್ಲು ಕಡಿದೆ.

ಇವತ್ತು ಬೆಳಿಗ್ಗೆ ಬೋಣಿಗೆ ಒಬ್ಬಳು ಬಂದಳು,
ಬಾಗೇಪಲ್ಲಿ ಬಸ್ಸು ಇಳಿದವಳು, ಬಗಲಲ್ಲಿ ಕೂಸು.
ಅವನ ಹಾಗೇ ಎತ್ತಿ ಹಿಡಿದೆ, "ನೋಡಮ್ಮ, ಒಳಗೆ..."
"ಅಯ್ಯೋ, ಗುಳ್ಳೆ ಐತಲ್ಲ. ಬೇರೆ ಕೊಡಿ."

ರಸ್ತೆಯಾಚೆ ಶಟರಿಗೆ ಒರಗಿದ್ದ ಸೊಣ್ಣಪ್ಪ
ಕೇಳಿಸಿಕೊಂಡ.
ನಗ್ತಾನೆ ಅಂದುಕೊಂಡೆ.
"ಅದನ್ನೇ ತಗೋ ತಾಯಿ, ಅದೇ ಒಳ್ಳೇದು"
ಅಂತ ಕೂಗಿದ, ತನ್ನ ಗಿರಾಕಿಯನ್ನ ಬಿಟ್ಟು.

ಅವಳು ಮತ್ತೆ ಬೆಳಕಿಗೆ ಹಿಡಿದಳು.
ಯಾವುದೋ ಮಧ್ಯಾಹ್ನದ ಗಾಳಿ,
ನನ್ನ ಕೆಮ್ಮೂ ಅದರಲ್ಲಿದ್ದರೂ ಇರಬಹುದು,
ನೀಲಿಯೊಳಗೆ ಸಾಸಿವೆಯಷ್ಟು ಹೊಳೆಯಿತು.
"ಎಷ್ಟು?" ಅಂದಳು.

ನಾನು ಅವನ ಕಡೆ ನೋಡಿದೆ.
ಕೈಯೆತ್ತಿ ಬೆರಳು ತೋರಿಸ್ತಿದ್ದಾನೆ,
ಮಡಿಸ್ತಾನೆ, ಮತ್ತೆ ಬಿಡಿಸ್ತಾನೆ.
ಎಂಟೇ ಅಡಿ.
ಎಷ್ಟು ಬೆರಳು ಅಂತ
ನನಗೆ ಕಾಣ್ತಾ ಇಲ್ಲ.