ಹಳತು ಮಾಡುವ ಕೆಲಸ

ಚಿಂತಾಮಣಿಯ ಹುಣಸೆ ಮಂಡಿಯ ಹಿಂದೆ
ತಗಡಿನ ಶೆಡ್ಡು. ಕದಿರಾಚಾರಿ ಕೆತ್ತುತ್ತಾರೆ,
ನಾನು ಹಳತು ಮಾಡುತ್ತೇನೆ.
ದಿನಕ್ಕೆ ಮುನ್ನೂರೈವತ್ತು, ಎರಡು ಟೀ.
ಒಂದು ನನಗೆ, ಒಂದು ಪೆಟ್ಟಿಗೆಗೆ.

ಬರುವ ಮರವೆಲ್ಲ ಬಿದ್ದ ಮನೆಗಳದು:
ದಾರಂದ, ತೊಲೆ, ಕಾಲು ಮುರಿದ ತೊಟ್ಟಿಲು,
ಶಿಡ್ಲಘಟ್ಟದಿಂದ ರೇಷ್ಮೆ ಚರಕದ ಹಲಗೆ,
ಬೆಂದ ಗೂಡಿನ ವಾಸನೆ ಇನ್ನೂ ಬಿಟ್ಟಿಲ್ಲ ಅದು.
ಆಚಾರಿ ಮೊಳೆ ಕೀಳುವುದು ಹಲ್ಲು ಕೀಳುವವರ ಹಾಗೆ,
ಮೊದಲು ಸ್ವಲ್ಪ ಮಾತಾಡಿಸಿ.
ಆಮೇಲೆ ಉಳಿ. ಗಿಳಿ ಬರುತ್ತದೆ, ಬಳ್ಳಿ ಬರುತ್ತದೆ,
ಆನೆ ಮಾತ್ರ ಹಂದಿಯಾಗುತ್ತದೆ.
"ಹಳೇ ಕಾಲದವರು ಆನೆ ಎಲ್ಲಿ ನೋಡಿದ್ದರು, ಬಿಡು"
ಅನ್ನುತ್ತಾರೆ.

ಆಮೇಲೆ ನನ್ನ ಸರದಿ.
ಕಬ್ಬಿಣದ ಕೀಲು ಹುಣಸೆ ನೀರಲ್ಲಿ ಎರಡು ರಾತ್ರಿ,
ಕೆತ್ತನೆಯ ಸಂದಿಗೆ ಆರಿದ ಟೀ,
ದೀಪದ ಮಸಿ, ಹರಳೆಣ್ಣೆ.
ಕೈ ಹೆಚ್ಚು ಮುಟ್ಟಿರಬೇಕಾದ ಜಾಗ ನಾನೇ ಊಹಿಸಬೇಕು:
ಮುಚ್ಚಳದ ಅಂಚು, ಅದೂ ಬಲಗಡೆ.
ಅಲ್ಲಿ ತೆಂಗಿನ ನಾರು ಹಾಕಿ ತಿಕ್ಕುತ್ತೇನೆ.
ಒಂದೇ ಮಧ್ಯಾಹ್ನ ಮೂರು ತಲೆಮಾರಿನ ಹೆಂಗಸರು
ಕುಂಕುಮ ತೆಗೆದುಕೊಂಡು ಹೋಗುತ್ತಾರೆ
ನನ್ನ ಹೆಬ್ಬೆರಳಲ್ಲಿ.

ಬಾಬಾಜಾನ್ ಟೆಂಪೋ ತರುತ್ತಾನೆ.
ಗಿರಾಕಿ ಕೇಳಿದರೆ ನೂರೈವತ್ತು ವರ್ಷ ಅನ್ನುತ್ತಾನೆ.
ಪೆಟ್ಟಿಗೆಗೆ ಇಪ್ಪತ್ತು ದಿನ.
ಮರಕ್ಕೆ ಅವನು ಹೇಳಿದ್ದಕ್ಕಿಂತ ಹೆಚ್ಚೇ ಇರಬಹುದು.
ಎರಡನ್ನೂ ಕೂಡಿಸಿ ಭಾಗಿಸಿದರೆ ಏನು ಬರುತ್ತದೋ,
ನಾನು ಭಾಗಾಕಾರಕ್ಕೆ ಮುಂಚೆಯೇ ಶಾಲೆ ಬಿಟ್ಟವಳು.

ಕಳೆದ ಸೋಮವಾರ ಕೈವಾರದ ಕಡೆಯಿಂದ
ಒಂದು ಕೂರಿಗೆ ಬಟ್ಟಲು ಬಂತು.
ಬಿತ್ತುವಾಗ ಕಾಳು ಬಿಡುವ ಬಟ್ಟಲು, ತಳದಲ್ಲಿ ಹನ್ನೆರಡು ತೂತು.
ತೂತು ಮುಚ್ಚಿ ಮುಚ್ಚಳ ಕೂರಿಸಿದರೆ ಒಡವೆ ಪೆಟ್ಟಿಗೆ.
ಆಚಾರಿ ಉಳಿ ಹಿಡಿದು ಅದರ ಮುಂದೆ ತುಂಬಾ ಹೊತ್ತು ಕೂತರು.
ಗಿಳಿ ಬರಲಿಲ್ಲ.
ಅವತ್ತು ಎರಡೂ ಟೀ ನಾನೇ ಕುಡಿದೆ.
ಅಂಚು ಸವೆದಿತ್ತು, ನಾನೆಂದೂ ಊಹಿಸದ ಜಾಗದಲ್ಲಿ,
ಎಡಗಡೆ.
ಯಾರೋ ಎಡಚಿ.

ಕಡ್ಡಿ ಹಾಕಿ ತೂತು ಕೆದಕುವಾಗ
ಏಳನೆಯದರಲ್ಲಿ ಒಂದು ರಾಗಿ ಕಾಳು.
ಹಗೇವಿನ ರಾಗಿ ಐವತ್ತು ವರ್ಷ ಕೆಡುವುದಿಲ್ಲ
ಅನ್ನುತ್ತಿದ್ದಳು ನಮ್ಮಜ್ಜಿ. ಇದು ಹಗೇವಲ್ಲ.
ಜೊತೆಯವೆಲ್ಲ ಇಳಿದು, ಮೊಳೆತು, ಹಿಟ್ಟಾಗಿ, ಮುದ್ದೆಯಾಗಿ,
ಉಂಡವರೂ ಮಣ್ಣಾದ ಮೇಲೆ
ಇದೊಂದು ಬಾಗಿಲಲ್ಲೇ ನಿಂತಿದೆ.
ಅಂಗೈಲಿಟ್ಟು ನೋಡಿದೆ. ವಯಸ್ಸು ತಿಳಿಯಲಿಲ್ಲ,
ನನ್ನ ಕಸುಬೇ ಅದಾದರೂ.

ಅದೇ ತೂತಿಗೆ ವಾಪಸು ಬಿಟ್ಟು ಮೇಣ ಮೆತ್ತಿದೆ.

ಬಾಬಾಜಾನ್ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.
ಸದ್ದಿಲ್ಲ.
"ಎಷ್ಟು ವರ್ಷದ್ದು ಅನ್ನಲಿ ಇದನ್ನ?"
ಆಚಾರಿ ನನ್ನ ಮುಖ ನೋಡಿದರು.
"ಗೊತ್ತಿಲ್ಲ ಅನ್ನು."
ಅವನು ನಕ್ಕ:
"ಹಾಗಂದರೆ ಯಾರಮ್ಮಾ ನಂಬುತ್ತಾರೆ?"