ಐದು ಜೀವ

ಬೆಳಗಿನಿಂದ ಬೇಸಿನ್ನಿನ ಬಿಸಿನೀರಲ್ಲಿ ಬೆಂದ ಬೆರಳನ್ನು
ಈ ಫೋನು ಗುರುತು ಹಿಡಿಯುವುದಿಲ್ಲ.
ಸೆರಗಿಗೆ ಒರೆಸಿ, ಊದಿ, ಮತ್ತೆ ಒತ್ತಿದರೂ
ಯಾರು ನೀನು ಅನ್ನುತ್ತದೆ.
ಕಡೆಗೆ ಕಿರುಬೆರಳು. ನೀರು ಮುಟ್ಟದೆ ಎತ್ತಿ ಹಿಡಿದದ್ದು ಅದೊಂದನ್ನೇ.
ಬೀಗ ತೆರೆದು ಒಳಗೆ ಹೋಗುತ್ತೇನೆ.

ಶಿಡ್ಲಘಟ್ಟದ ನಮ್ಮ ರೀಲಿಂಗ್ ಶೆಡ್ಡಿನಲ್ಲಿ ಊಟಕ್ಕೆ ಅರ್ಧ ಗಂಟೆ.
ಮುದ್ದೆ ನುಂಗಲು ಹತ್ತು ನಿಮಿಷ ಸಾಕು,
ಉಳಿದದ್ದು ಗೂಡಿಗೆ.

ಗೂಡು ಅಂದರೆ ಮಾರ್ಕೆಟ್ಟಿನಲ್ಲಿ ಲಾಟು ಲಾಟಾಗಿ ಸುರಿಯುವುದಲ್ಲ,
ಆಟದೊಳಗೆ ನಮ್ಮ ತಂಡದ ಹೆಸರು.
ಇಟ್ಟವಳು ಪಕ್ಕದ ಬೇಸಿನ್ನಿನ ಖುರ್ಷಿದಾ.
ಒಂದೇ ಬಣ್ಣದ ಮೂರು ಹಣ್ಣು ಸಾಲಿಗೆ ಬಂದರೆ
ಪಟ್ಟಂತ ಒಡೆಯುತ್ತವೆ, ಅಷ್ಟೇ ಆಟ.
ಸೋತರೆ ಒಂದು ಜೀವ ಹೋಗುತ್ತದೆ,
ಐದೂ ಹೋದರೆ ಬಾಗಿಲು ಹಾಕಿಕೊಳ್ಳುತ್ತದೆ.
ಆಗ ಬೇಡಬೇಕು.
ಒಂದು ಗುಂಡಿ ಒತ್ತಿದರೆ ಮೂವತ್ತು ಮನೆಗೆ ಕೇಳಿಸುತ್ತದೆ
ಒಂದು ಜೀವ ಕೊಡ್ರಪ್ಪಾ ಅಂತ.

ಸೇರು ಅಕ್ಕಿ ಕೇಳಲು ಮೂರು ಸಲ ಹೊಸಿಲ ತನಕ ಹೋಗಿ
ವಾಪಸ್ಸು ಬಂದವಳು ನಾನು.
ಜೀವ ಕೇಳಲು ನಾಚಿಕೆಯಾಗಲಿಲ್ಲ.

ಯಾರು ಯಾರೋ ಕೊಟ್ಟರು.
ಬಾಗೇಪಲ್ಲಿಯ ಟೈಲರ್ ಓಬಳೇಶ, ಕಾಜಾ ಹೊಲಿಯುವ ನಡುವೆ.
ಕನ್ನಡಕ ಹಾಕಿದ ಬೆಕ್ಕಿನ ಚಿತ್ರದವರು, ಯಾರೆಂದು ಇವತ್ತಿಗೂ ಗೊತ್ತಿಲ್ಲ.
ನಾದಿನಿ ಗಂಗುಲಮ್ಮ ತಗೊಳ್ಳುವುದರಲ್ಲಿ ಎತ್ತಿದ ಕೈ,
ಕೊಟ್ಟದ್ದು ಎರಡೇ ಸಲ, ಅದೂ ತಪ್ಪಿ ಒತ್ತಿ.

ಮತ್ತೆ ಚಿಟ್ಟೆ೫೨.
ಬೆಳಗಿನ ನಾಲ್ಕಕ್ಕೆ, ನಾನು ಬಾಯ್ಲರಿಗೆ ಬೆಂಕಿ ಹಾಕುವ ಹೊತ್ತಿಗೆ
ಅವಳೊಬ್ಬಳೇ ಎದ್ದಿರುತ್ತಿದ್ದಳು.
(ಅವಳೋ, ಅವನೋ.)
ಬರೆಯಲು ಬಾರದೋ ಇಷ್ಟವಿಲ್ಲವೋ,
ಆಟವೇ ಕೊಟ್ಟ ಸಿದ್ಧ ಮಾತು ಮೂರು:
ಭಲೇ. ಅಯ್ಯೋ. ಇನ್ನೊಂದ್ಸಲ.
ಒಂದು ವರ್ಷ ಈ ಮೂರರಲ್ಲೇ ಸಾಗಿತು.
ಮಗಳಿಗೆ ಜ್ವರ ಏರಿದ ರಾತ್ರಿ ನಾನು ಉದ್ದಕ್ಕೆ ಬರೆದೆ,
ಆಸ್ಪತ್ರೆ, ಡ್ರಿಪ್ಪು, ಹೋದ ಕೂಲಿ, ಎಲ್ಲ.
ಆ ಕಡೆಯಿಂದ: ಅಯ್ಯೋ.
ತುಸು ಹೊತ್ತು ಬಿಟ್ಟು: ಇನ್ನೊಂದ್ಸಲ.
ಅದರ ಬೆನ್ನಿಗೇ ಒಂದು ಜೀವ.

ದಿನಕ್ಕೆ ಎಷ್ಟು ಹುಳ ಬೇಯಿಸುತ್ತೇನೋ ಲೆಕ್ಕವಿಲ್ಲ.
ಎಳೆ ಮುಗಿದ ಮೇಲೆ ತಳಕ್ಕಿಳಿದ ಕಂದು ಕಾಳುಗಳನ್ನು
ಜಾಲರಿಯಲ್ಲಿ ಬಾಚಿ ಮೂಟೆ ಕಟ್ಟುತ್ತೇವೆ,
ಕೋಳಿ ಮೇವಿನವನು ಒಯ್ಯುತ್ತಾನೆ.
ಪಾಪ ಅನ್ನಿಸಲಿಲ್ಲ ಯಾವತ್ತೂ, ಇವತ್ತೂ ಇಲ್ಲ. ಹೊಟ್ಟೆಪಾಡು.
ಆದರೆ ಕಿರುಬೆರಳು ಒತ್ತಿ
ಕೆಂಪಗೊಂದು ಹೃದಯ ಪುಸಕ್ಕನೆ ಮೇಲೆದ್ದು ಯಾರ ಕಡೆಗೋ ಹೋಗುವಾಗ
ಎಲ್ಲೋ ಒಂದು ಪುಸ್ತಕದಲ್ಲಿ
ನನ್ನ ಹೆಸರಿಗೆ ಒಂದು ಜಮಾ ಬಿದ್ದಂತೆ.
ಸುಳ್ಳೇ ಇರಬಹುದು. ಇರಲಿ.

ದೀಪಾವಳಿ ಕಳೆದ ವಾರ ಚಿಟ್ಟೆ ಬರಲಿಲ್ಲ.
ಹೆಸರಿನ ಕೆಳಗೆ ಆಟ ಎಣಿಸತೊಡಗಿತು:
ಕೊನೆಗೆ ಕಂಡದ್ದು ನಾಲ್ಕು ದಿನದ ಹಿಂದೆ.
ಒಂಬತ್ತು ದಿನದ ಹಿಂದೆ.
ಹನ್ನೆರಡಾದರೆ ತೆಗೆದುಹಾಕಬೇಕು, ನಾವೇ ಮಾಡಿದ ಕಾನೂನು.
ಓಬಳೇಶ ತಮ್ಮನನ್ನು ಸೇರಿಸಲು ಕಾದಿದ್ದಾನೆ.
ಬಿಡಕ್ಕಾ, ಫೋನು ಒಡೆದಿರಬೇಕು, ಅಂದಳು ಖುರ್ಷಿದಾ,
ರೀಚಾರ್ಜಿಗೆ ಕಾಸಿಲ್ಲದಿರಬೇಕು, ಮದುವೆ ಆಗಿರಬೇಕು.
ಹನ್ನೊಂದನೆಯ ದಿನ ಮಾತ್ರ ಸುಮ್ಮನಿದ್ದಳು.
ಆ ದಿನ ನಮ್ಮಲ್ಲಿ ಏನೆಂದು ಅವಳಿಗೂ ಗೊತ್ತು.

ತಂಡದ ಯಜಮಾನಿ ನಾನು. ಕೆಂಪು ಗುಂಡಿ ನನ್ನ ಹತ್ತಿರ.
ಹೆಬ್ಬೆರಳಲ್ಲಿ ಒತ್ತಿದೆ, ಒದ್ದೆ ಬೆರಳು.
ಫೋನು ಕೇಳಲಿಲ್ಲ.
ಕಿರುಬೆರಳು ಒಣಗಿಯೇ ಇತ್ತು.

ಮಾರನೆಯ ಬೆಳಗ್ಗೆ ನಾಲ್ಕಕ್ಕೆ
ಅವಳಿಗೊಂದು ಜೀವ ಕಳಿಸಲು ಹೋದೆ. ಆಟ ಹೇಳಿತು:
ಇವರ ಐದೂ ಜೀವ ತುಂಬಿವೆ. ಈಗ ಕಳಿಸಲಾಗದು.

ಐದೂ!
ಅಷ್ಟೂ ಕಟ್ಟಿಕೊಂಡು ಎಲ್ಲಿ ಕೂತಿದ್ದೀಯೇ.

ನೀರು ಕುದಿಯುತ್ತಿತ್ತು. ಬುಟ್ಟಿ ಬಗ್ಗಿಸಿದೆ.