ಕೃತಿಗಳು: ಇಲ್ಲ

ಕಾರ್ಡಿಫ್‌ನ ಸಂಪಾದಕರಿಗೆ
ಚಿಕ್ಕಬಳ್ಳಾಪುರದ ಮಿಷನ್ ಕಾಂಪೌಂಡಿನಿಂದ
ದಫ್ತರ ನೋಡಿಕೊಳ್ಳುವ ಸುಗಂಧಿ ಯೋನಾ ಬರೆಯುವುದು.

ನಿಮ್ಮ ಚರಿತ್ರಕೋಶದ ಕರಡು ತಲುಪಿತು.
ಐನೂರು ವರ್ಷದ ವೇಲ್ಸ್ ಪಾದ್ರಿಗಳು, ಕವಿಗಳು,
ದೇವರ ಮಾತನ್ನು ಮನೆಮಾತಿಗೆ ತಂದವರು,
ಬಿಷಪ್ಪನ ಮೇಲೆ ಮುನಿದು ಕುರಿ ಕಾಯಲು ಹೋದವರು,
ಶನಿವಾರ ಕುಡಿದು ಪದ ಕಟ್ಟಿ ಭಾನುವಾರ ಅತ್ತವರು.
ಒಲೆ ಮೇಲಿನ ಸಾರು ತಳ ಹಿಡಿಯುವವರೆಗೆ ಓದಿದೆ.
ನಮ್ಮವರು ನೂರಾ ಹನ್ನೆರಡನೇ ಪುಟದಲ್ಲಿ, ನಾಲ್ಕೇ ಸಾಲು:

ಪ್ರೊಥೆರೋ, ಗ್ವಿಲಿಮ್. ಕಲ್ಲುಗಣಿ ಕೂಲಿಯವನ ಮಗ.
ಮೈಸೂರು ಸೀಮೆಯಲ್ಲಿ ಇಪ್ಪತ್ತಾರು ವರ್ಷ.
ಜ್ವರದಿಂದ ಮರಣ.
ಕೃತಿಗಳು: ಇಲ್ಲ.

ತಿದ್ದುಪಡಿಯಿದ್ದರೆ ತಿಳಿಸಿ ಅಂದಿದ್ದೀರಿ.
ಇದೆ.

ಮೊದಲು ಹೆಸರು. ಗ್ವಿಲಿಮ್ ಅನ್ನುವುದು
ಸಂತೆಯವರ ಬಾಯಲ್ಲಿ ಎರಡು ದಿನ ಬಾಳಲಿಲ್ಲ,
ಮೂರನೇ ದಿನಕ್ಕೆ ಗೂಳಯ್ಯ.
ಅದಕ್ಕೆ ಓಗೊಡುತ್ತಿದ್ದರು. ‘ಇಂಗ್ಲಿಷ್ ದೊರೆ’ ಅಂದರೆ ಮಾತ್ರ ಸಿಟ್ಟು:
‘ನಾನು ಇಂಗ್ಲಿಷಿನವನಲ್ಲಪ್ಪ, ಪಕ್ಕದ ಮನೆಯವನು.’
ಯಾರಿಗೂ ತಿಳಿಯಲಿಲ್ಲ. ಮೂತಿ ಕೆಂಪಗೇ ಇತ್ತಲ್ಲ.

ಜ್ವರ ನಿಜ, ಆದರೆ ಅದು ಪ್ಲೇಗು.
ಊರು ಗುಡಿಸಲು ಹಾಕಿಕೊಂಡು ಹೊಲಕ್ಕೆ ಹೋದಾಗ
ಇವರು ಹೋಗಲಿಲ್ಲ. ರಿಜಿಸ್ಟರಿನಲ್ಲಿ
ನಲವತ್ತೊಂದು ಹೆಸರು ಅವರ ಕೈಬರಹ.
ನಲವತ್ತೆರಡನೆಯದು ಅವರದೇ ಹೆಸರು,
ನನ್ನ ಮುತ್ತಾತ ಯೋನಾ ಮೇಷ್ಟ್ರ ಅಕ್ಷರ, ಶಾಯಿ ಚೆಲ್ಲಿದೆ.

ಈ ಮುತ್ತಾತನದೊಂದು ಹಲಗೆಯಿತ್ತು, ಅಂಗೈಯಗಲ, ದಾರ ಕಟ್ಟಿದ್ದು.
ಶಾಲೆಯಲ್ಲಿ ತೆಲುಗು ಆಡಿದವನ ಕೊರಳಿಗೆ ಅದು.
ಅವನು ಇನ್ನೊಬ್ಬನನ್ನು ಹಿಡಿದುಕೊಟ್ಟರೆ ಅವನಿಗೆ ದಾಟುತ್ತಿತ್ತು,
ಸಂಜೆ ಗಂಟೆಗೆ ಯಾರ ಕೊರಳಲ್ಲಿದೆಯೋ ಅವನಿಗೆ ಛಡಿ.
ಒಂದು ಬೇಸಿಗೆ ಪಿಳ್ಳಪ್ಪನೆಂಬ ಹುಡುಗ
ಬಾಯಾರಿ ‘ನೀಳ್ಳು’ ಅಂದ.
ಪರೀಕ್ಷೆಗೆಂದು ಬಂದ ಗೂಳಯ್ಯ ಬಾಗಿಲಲ್ಲೇ ನಿಂತರು,
ಸುಣ್ಣದ ಗೋಡೆಯಾದರು.
ಅಂಥದೇ ಹಲಗೆ, ತಮ್ಮೂರಿನ ಶಾಲೆಯಲ್ಲಿ,
ತಾಯಿಮಾತು ಆಡಿದ್ದಕ್ಕೆ, ಅವರ ಎಂಟನೇ ವಯಸ್ಸಿಗೆ.
ಇದನ್ನೆಲ್ಲ ಆಮೇಲೆ ಹೇಳಿದ್ದು.
ಆಗ ಮಾಡಿದ್ದಿಷ್ಟು: ಹಲಗೆ ಬಿಚ್ಚಿ ತಮ್ಮ ಕೊರಳಿಗೆ ಹಾಕಿಕೊಂಡು
ಕೊನೇ ಬೆಂಚಿನಲ್ಲಿ ಮಕ್ಕಳ ಜೊತೆ ಕೂತರು.
ಗಂಟೆ ಹೊಡೆಯಿತು. ಎದ್ದು ಬಂದು ಕೈ ಚಾಚಿದರು.

ಮುತ್ತಾತ ಹೊಡೆದರೋ ಬಿಟ್ಟರೋ
ನಮ್ಮ ಮನೆಯಲ್ಲಿ ಎರಡು ಕತೆ.
ಅಜ್ಜಿ ಮಾತ್ರ, ಹೊಡೆದರು ಅನ್ನುತ್ತಿದ್ದಳು,
ಒಂದೇ ಏಟು, ಆಮೇಲೆ ಇಬ್ಬರೂ ಹಿತ್ತಲಿಗೆ ಹೋದರು ಅಂತ.

ಇನ್ನು ಕೃತಿ.
ಶಾನುಭೋಗ ನಂಜುಂಡಯ್ಯ ಕ್ವಿನೈನಿನ ಬದಲಿಗೆ
ಛಂದಸ್ಸು ಕಲಿಸಿದ. ಸಾಲಿನ ಎರಡನೇ ಅಕ್ಷರಕ್ಕೆ
ಕೆಳಸಾಲಿನ ಎರಡನೇ ಅಕ್ಷರ ಓಗೊಡಬೇಕು ಅಂದಾಗ
ಗೂಳಯ್ಯ ಜಗುಲಿಯಿಂದ ಜಿಗಿದರಂತೆ: ನಮ್ಮಲ್ಲೂ! ನಮ್ಮಲ್ಲೂ
ವ್ಯಂಜನಗಳು ಸಾಲಿನೊಳಗೇ ಒಂದನ್ನೊಂದು ಕರೆಯುತ್ತವೆ!
ಆ ವರ್ಷ ಶಾಲೆಗೆ ಬಾವಿ ತೋಡಿಸಿ ಕಟ್ಟೆಗೆ ಬರೆದರು:

ಕಲ್ಲೊಡೆದವನ ಮಗ ಬಂದೆ ಕಲ್ಲೂರಿಗೆ,
ಎಲ್ಲಿಯದೋ ಬಾಯಾರಿಕೆ ನನ್ನದೂ.
ಸೊಲ್ಲೆರಡು, ಸೇದುವ ಹಗ್ಗವೊಂದೇ,
ನಿಲ್ಲು ಮಗು, ಕೇಳಿದ ಮಾತಲ್ಲೇ ಕುಡಿ.

ಕೆತ್ತಿದ ಓಬಳಬೋವಿಗೆ ಓದು ಬಾರದು.
ಸೊಲ್ಲು ಅವನ ಉಳಿಯಲ್ಲಿ ಸೊಳ್ಳೆಯಾಯಿತು.
ಇವತ್ತಿಗೂ ಕಟ್ಟೆಯ ಮೇಲೆ ಎರಡು ಸೊಳ್ಳೆ, ಒಂದು ಹಗ್ಗ.
ತಿದ್ದಿಸಲಿಲ್ಲ. ಕಣ್ಣಲ್ಲಿ ನೀರು ಬರುವಂತೆ ನಕ್ಕು
ಕೂಲಿಯ ಮೇಲೆ ನಾಲ್ಕಾಣೆ ಕೊಟ್ಟರು.

ಬಾವಿಗೆ ಈಗ ಕಬ್ಬಿಣದ ಜಾಲರಿ.
ಹಲಗೆ ನನ್ನ ಅಡುಗೆಮನೆಯಲ್ಲಿದೆ,
ರಾಗಿಹಿಟ್ಟಿನ ಡಬ್ಬಕ್ಕೆ ಮುಚ್ಚಳ, ಸರಿಯಾಗಿ ಕೂರುತ್ತದೆ.
ಫೋಟೋ ಬೇಕಿದ್ದರೆ ಕಳಿಸುತ್ತೇನೆ. ಹಲಗೆ ಕಳಿಸುವುದಿಲ್ಲ.

ಪುಟದಲ್ಲಿ ಜಾಗ ಸಾಲದಿದ್ದರೆ
ಕೃತಿಗಳು: ಒಂದು, ಸೊಳ್ಳೆ ಸಮೇತ, ಎಂದು ಹಾಕಿ.

ಕೊನೆಯದಾಗಿ ಒಂದು ವಿಷಯ ಕೇಳಬೇಕಿತ್ತು.
ಅವರ ಊರಿನ ಹೆಸರಲ್ಲಿ ನಿಮ್ಮ ಆ ಜೋಡಿ ‘ಲ್ಲ’ ಇದೆಯಲ್ಲ,
ನಾಲಗೆ ಹಲ್ಲಿಗೊತ್ತಿ ಪಕ್ಕದಿಂದ ಗಾಳಿ ಬಿಡಬೇಕಂತೆ.
ಬೆಳಗಿನಿಂದ ಬಿಡುತ್ತಿದ್ದೇನೆ.
ಬೆಕ್ಕು ಎದ್ದು ಹೊರಗೆ ಹೋಯಿತು.
ಇದು ಸರಿಯೋ?